ಬಂದ್ರೆ ಸೊಪ್ಪು, ಚಿಬ್ಬು, ಬಳೆಗಾರರ ಗುಂಡು

ಹೋದ ವಾರ ಶೇಂಗಾ ಹೊಲದಾಗೆ ಕಳೆ ತೆಗೆಸ್ತಿದ್ದೆ. ಪಕ್ಕದ ಹೊಲದ ಹುಡುಗ ಬಂದು ಅಂಗಿ ಎತ್ತಿ ಬೆನ್ನು ತೋರಿಸ್ದ. ಬೆನ್ನು ತುಂಬಾ ಚಿಬ್ಬು. ಬಿಳಿ ಬಿಳಿ ಮಚ್ಚೆ, ಉಗುರಲ್ಲಿ ಕೆರೆದ್ರೆ ಹೊಟ್ಟು ಉದುರುತ್ತೆ. "ಅಣ್ಣಾ, ಅಂಗಡೀಲಿ ಕೊಟ್ಟ ಟ್ಯೂಬು ಹಚ್ಚಿದೆ, ವಾರ ಹೋಯ್ತು, ಮತ್ತೆ ಬಂತು. ನಿಮ್ಮಜ್ಜಿ ಯಾವುದೋ ಸೊಪ್ಪು ಅರೆದು ಹಚ್ಚುತಿದ್ಲಂತೆ, ಅದ್ಯಾವುದು?" ಅಂತ ಕೇಳ್ದ.

ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ. ಅಜ್ಜಿ ಗುಡ್ಡದ ಕಡೆ ಹೋಗಿ ಸೊಪ್ಪು ತರ್ತಿದ್ದಿದ್ದು ನೆನಪಿದೆ. ಒಳಕಲ್ಲಲ್ಲಿ ಅರೆದ ಹಸಿರು ವಾಸನೆ ನೆನಪಿದೆ. ಬಂದ್ರೆಯೋ, ತಗಚೆಯೋ, ಇಲ್ಲಾ ಎರಡೂ ಸೇರಿಸ್ತಿದ್ಲೋ, ಅದು ಮಾತ್ರ ನೆನಪಿಲ್ಲ. ಆಕೆ ಇದ್ದಾಗ ನಾನು ಕೇಳಲಿಲ್ಲ. ಈಗ ಕೇಳಾಣ ಅಂದ್ರೆ ಆಕೆ ಇಲ್ಲ. ಆ ಹುಡುಗನಿಗೆ ಏನು ಹೇಳೋದು ಅಂತ ಹುಡುಕ್ತಾ ಹೋದೆ. ಅದು ಎಲ್ಲೆಲ್ಲಿಗೋ ಕರ್ಕೊಂಡು ಹೋಯ್ತು. ಬರಹ ಉದ್ದ ಐತೆ, ರಾತ್ರಿ ಕರೆಂಟು ಕಾಯ್ತಾ ಕೂತಾಗ ಓದ್ರಿ.

ಮೊದಲು ನಮ್ಮ ಬೆಟ್ಟದಿಂದಲೇ ಶುರು ಮಾಡ್ತೀನಿ. ಜಟಿಂಗ ರಾಮೇಶ್ವರಕ್ಕೆ ನಾವೆಲ್ಲ ಹತ್ತಿದವರೇ. ಜಟಾಯು ಬಿದ್ದ ಜಾಗ ಅಂತ ಕೈ ಮುಗಿದು ಇಳಿದು ಬರ್ತೀವಿ. ಅಲ್ಲಿ ಬಂಡೆ ಮೇಲೆ ಅಶೋಕನ ಶಾಸನ ಐತೆ ಅನ್ನೋದು ಗೊತ್ತಿದ್ದರೂ ನಿಂತು ನೋಡೋರು ಕಮ್ಮಿ. ಇಲ್ಲಿ, ಬ್ರಹ್ಮಗಿರೀಲಿ, ಸಿದ್ದಾಪುರದಲ್ಲಿ, ಹೀಗೆ ಹತ್ತಿರ ಹತ್ತಿರ ಮೂರು ಕಡೆ ಒಂದೇ ಶಾಸನ ಕೊರೆಸವ್ನೆ. ಇವನ್ನ ಹೊರಗಿನ ಲೋಕಕ್ಕೆ ತಿಳಿಸಿದ್ದು 1892ರಲ್ಲಿ ಬಿ.ಎಲ್. ರೈಸ್. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಹೋದ ಆಜ್ಞೆ ಅದು. ತಾಯಿ ತಂದೆ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವಿಗೆ ಗೌರವ ಕೊಡಬೇಕು ಅನ್ನೋ ಅರ್ಥದ ಮಾತುಗಳು. ಕೊರೆದವನ ಹೆಸರು ಚಪಡ. ತನ್ನ ಕೆಲಸದ ಪದವನ್ನ ಮಾತ್ರ ಅವನು ಖರೋಷ್ಠಿ ಲಿಪೀಲಿ ಬರೆದವ್ನೆ. ಅದು ದೂರದ ವಾಯವ್ಯ ಗಡಿ ಕಡೆಯ ಲಿಪಿ.

ಮೂರರಲ್ಲಿ ತುಂಬಾ ಸವೆದಿರೋದು ನಮ್ಮ ಜಟಿಂಗ ರಾಮೇಶ್ವರದ್ದೇ. ಯಾಕೆ ಅಂದ್ರೆ ಆ ಬಂಡೆಗೆ ಬಳೆಗಾರರ ಗುಂಡು ಅಂತ ಹೆಸರಿತ್ತು. ಜಾತ್ರೇಲಿ ಬಳೆಗಾರರು ಅದರ ಮೇಲೇ ಅಂಗಡಿ ಹಾಕ್ತಿದ್ರು. ಕೂತವರು, ನಿಂತವರು, ಬಳೆ ಹಾಕಿಸ್ಕೊಂಡವರು, ಎಲ್ಲರ ಕಾಲಡಿ 2,250 ವರ್ಷದ ಅಕ್ಷರ ಸವೀತಾ ಹೋಯ್ತು. ಯಾರೂ ಬೇಕು ಅಂತ ಅಳಿಸಲಿಲ್ಲ. ಇದೇ ಪಾಠ ಬ್ರಹ್ಮಗಿರೀಲೂ ಇದ್ದಿದ್ದರಿಂದ ನಮ್ಮ ಬೆಟ್ಟದಲ್ಲಿ ಸವೆದ ಸಾಲು ಏನು ಅಂತ ತಿಳೀತು. ಒಂದೇ ಕಡೆ ಇದ್ದಿದ್ರೆ ಹೋಗ್ತಿತ್ತು.

ಈ ಶಾಸನದಲ್ಲಿ ಸೊಪ್ಪು ಸದೆ ಮಾತಿಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಆದರೆ ಆಚೆ ಕರ್ನೂಲು ಜಿಲ್ಲೆಯ ಎರ್ರಗುಡೀಲಿ ಇದೇ ಅಶೋಕನ ದೊಡ್ಡ ಶಾಸನಗಳವೆ. ಅದರಲ್ಲಿ ಎರಡನೇದು ಔಷಧಿ ಬಗ್ಗೆ. ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆ ಏರ್ಪಾಡು ಮಾಡಿದ್ದೀನಿ, ಔಷಧಿ ಗಿಡ ಎಲ್ಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದೀನಿ ಅಂತ ಅದರ ಅರ್ಥ. ಮನುಷ್ಯನ ವೈದ್ಯ, ದನದ ವೈದ್ಯ ಎರಡನ್ನೂ ಒಂದೇ ಸಾಲಲ್ಲಿ ಇಟ್ಟವ್ನೆ ನೋಡ್ರಿ. ಆಮೇಲೆ ನಮ್ಮ ಕನ್ನಡದಲ್ಲೇ ಕೀರ್ತಿವರ್ಮ 'ಗೋವೈದ್ಯ' ಬರೆದ. ಅದಾಗಿ ಸುಮಾರು ಒಂಬತ್ತು ನೂರು ವರ್ಷ. 14ನೇ ಶತಮಾನದಲ್ಲಿ ಮಂಗರಾಜ ವಿಷಕ್ಕೆ ಮದ್ದು ಹೇಳೋ 'ಖಗೇಂದ್ರಮಣಿದರ್ಪಣ' ಬರೆದ. ಅರಮನೆ, ಬಸದಿ, ಪಂಡಿತರ ಕೈಗೆ ಸಿಕ್ಕಿದ ಮದ್ದು ಓಲೆಗರಿ ಸೇರಿತು. ನಮ್ಮ ಹಟ್ಟಿ, ಹಳ್ಳಿ, ಕುರಿರೊಪ್ಪದ ಮದ್ದು ಬಾಯಲ್ಲೇ ಉಳೀತು.

ಈಗ ಚಿಬ್ಬಿಗೆ ಬರೋಣ. ಚಿಬ್ಬು ಅಂದ್ರೆ ಬೂಷ್ಟು ಜಾತಿ. ಅದರಲ್ಲೂ ಯೀಸ್ಟ್ ಅನ್ನೋ ಪೈಕಿ. ಈಚಲ ಹೆಂಡದ ಮಡಕೇಲಿ ನೊರೆ ಉಕ್ಕಿಸೋದೂ ಒಂದು ಯೀಸ್ಟೇ. ಬೇರೆ ಬೂಷ್ಟು ನೂಲು ನೂಲಾಗಿ ಹಬ್ಬಿದ್ರೆ ಇದು ಸಣ್ಣ ಸಣ್ಣ ಕಣವಾಗಿ ಮೊಳೆತು ಮೊಳೆತು ಹೆಚ್ಚುತ್ತೆ. ಚಿಬ್ಬಿನ ಯೀಸ್ಟ್ ನಮ್ಮೆಲ್ಲರ ಚರ್ಮದ ಮೇಲೆ ಮಾಮೂಲಿಯಾಗಿ ಇರುತ್ತೆ. ಸೆಕೆ, ಬೆವರು, ಎಣ್ಣೆಜಿಡ್ಡು ಸೇರಿದಾಗ ಮೇಲೇಳುತ್ತೆ. ಅದಕ್ಕೇ ಹೊಲದಲ್ಲಿ ದುಡಿಯೋರ ಬೆನ್ನು ಅಂದ್ರೆ ಅದಕ್ಕೆ ಇಷ್ಟ. ಕೂಸುಗಳ ನಾಲಗೆ ಮೇಲೆ ಮೊಸರು ಅಂಟಿದ ಹಂಗೆ ಬಿಳಿ ಕಟ್ಟುತ್ತಲ್ಲ, ಹೆಣ್ಮಕ್ಕಳಿಗೆ ಕಡಿತದ ಜೊತೆ ಬಿಳಿ ಹೋಗುತ್ತಲ್ಲ, ಅದು ಹೆಚ್ಚಾಗಿ ಇನ್ನೊಂದು ಯೀಸ್ಟ್‌ದು. ಹೆಸರು ಕ್ಯಾಂಡಿಡಾ. ಸಕ್ಕರೆ ಕಾಯಿಲೆ ಇದ್ದೋರಿಗೆ, ಆಂಟಿಬಯಾಟಿಕ್ ಜಾಸ್ತಿ ತಗೊಂಡೋರಿಗೆ ಇದು ಬೇಗ ಬರುತ್ತೆ.

ಬೂಷ್ಟಿನಿಂದ ಪ್ರಾಣಿಗಳಿಗೆ ರೋಗ ಬರುತ್ತೆ ಅಂತ ಜಗತ್ತಿಗೆ ಮೊದಲು ಗೊತ್ತಾಗಿದ್ದು ಮನುಷ್ಯರಿಂದಲ್ಲ, ರೇಷ್ಮೆಹುಳದಿಂದ. ಮೊಳಕಾಲ್ಮೂರು ಸೀರೆ ನೇಯೋ ಸೀಮೆಯವರಿಗೆ ಇದು ಹೇಳಲೇಬೇಕು. ಸುಣ್ಣಕಟ್ಟು ರೋಗ ನೋಡಿದೀರಲ್ಲ, ಹುಳ ಸತ್ತು ಸುಣ್ಣದ ಕಡ್ಡಿ ಆಗೋದು? ಇಟಲಿಯ ಅಗಸ್ಟಿನೊ ಬಾಸ್ಸಿ ಅನ್ನೋನು ವರ್ಷಗಟ್ಟಲೆ ಅದರ ಹಿಂದೆ ಬಿದ್ದು, ಅದು ಬೂಷ್ಟು, ಒಂದರಿಂದ ಒಂದಕ್ಕೆ ಅಂಟುತ್ತೆ ಅಂತ 1835ರಲ್ಲಿ ಬರೆದ. ನಾಲ್ಕೇ ವರ್ಷಕ್ಕೆ, 1839ರಲ್ಲಿ, ಜರ್ಮನಿಯ ಲಾಂಗೆನ್‌ಬೆಕ್ ರೋಗಿಯ ಬಾಯಿಯ ಬಿಳೀ ಪೊರೇಲಿ ಬೂಷ್ಟು ಕಂಡ. 1846ರಲ್ಲಿ ಐಕ್‌ಸ್ಟೆಡ್ ಅನ್ನೋನು ಚಿಬ್ಬೂ ಅದೇ ಪೈಕಿ ಅಂದ. 1923ರಲ್ಲಿ ಹಾಲೆಂಡಿನ ಕ್ರಿಸ್ಟೀನ್ ಬರ್ಕ್‌ಹೌಟ್ ಅನ್ನೋ ಹೆಣ್ಮಗಳು ಕ್ಯಾಂಡಿಡಾ ಅಂತ ಹೆಸರಿಟ್ಟಳು. ಬಿಳಿ ಅನ್ನೋ ಅರ್ಥದ ಲ್ಯಾಟಿನ್ ಮಾತು ಅದು.

ಕಾಯಿಲೆ ಯಾವುದು ಅಂತ ಗೊತ್ತಾಯ್ತು, ಮದ್ದು ಸಿಗಲಿಲ್ಲ. ಕೂಸಿನ ಬಾಯಿಗೆ ನೇರಳೆ ಬಣ್ಣದ ಔಷಧಿ ಬಳೀತಿದ್ದಿದ್ದು ನಮ್ಮ ಹಿರಿಯರಿಗೆ ನೆನಪಿರಬೇಕು. ಪೆನಿಸಿಲಿನ್ ಬಂದ ಮೇಲೆ ಯೀಸ್ಟ್ ಕಾಟ ಇನ್ನೂ ಹೆಚ್ಚಾಯ್ತು. ಯಾಕಂದ್ರೆ ಪೆನಿಸಿಲಿನ್ ಬ್ಯಾಕ್ಟೀರಿಯಾ ಕೊಲ್ಲುತ್ತೆ, ಯೀಸ್ಟನ್ನ ಮುಟ್ಟಲ್ಲ. ಹೊಲದಲ್ಲಿ ಒಂದು ಕಳೆ ಕಿತ್ತರೆ ಇನ್ನೊಂದು ಕಳೆಗೆ ಜಾಗ ಸಿಕ್ಕಿದ ಹಂಗೆ. ಆಗ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೇಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಅಂತ ಇಬ್ಬರು ಹೆಂಗಸರು ಇದ್ರು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನೀಲಿ. ಮಣ್ಣಿನ ಮಾದರಿ ತರಿಸೋದು, ಅದರಲ್ಲಿರೋ ಸೂಕ್ಷ್ಮಜೀವಿ ಬೆಳೆಸೋದು, ಸೀಸೇಲಿ ತುಂಬಿ ಅಂಚೇಲಿ ಕಳಿಸೋದು, ಯಾವ ಸಾರ ಯೀಸ್ಟನ್ನ ಕೊಲ್ಲುತ್ತೆ ನೋಡೋದು, ಇದೇ ಅವರ ಕೆಲಸ. 1948ರಲ್ಲಿ ಹೇಜನ್ ವರ್ಜೀನಿಯಾದ ಒಂದು ಹಾಲಿನ ಫಾರಂನಿಂದ, ಪರಿಚಯದ ನೋರ್ಸ್ ಮನೆತನದವರ ಜಮೀನಿಂದ, ಮಣ್ಣು ತಂದ್ರು. ಅದರಲ್ಲಿ ಸಿಕ್ಕಿದ್ದೇ ನಿಸ್ಟಾಟಿನ್. 1950ರಲ್ಲಿ ಲೋಕಕ್ಕೆ ತಿಳಿಸಿದ್ರು, 1954ಕ್ಕೆ ಮಾರುಕಟ್ಟೆಗೆ ಬಂತು. ಮನುಷ್ಯನಿಗೆ ಅಪಾಯ ಇಲ್ಲದೆ ಯೀಸ್ಟ್ ಕೊಲ್ಲೋ ಮೊದಲ ಔಷಧಿ ಅದು. ಆ ಸೂಕ್ಷ್ಮಜೀವಿಗೆ ಹೊಲದವರ ಮನೆತನದ ಹೆಸರೇ ಇಟ್ಟವ್ರೆ. ಬಂದ ರಾಯಧನ 1 ಕೋಟಿ 30 ಲಕ್ಷ ಡಾಲರನ್ನ ಇಬ್ಬರೂ ತಾವು ಇಟ್ಕೊಳ್ಳಲಿಲ್ಲ, ಸಂಶೋಧನೆಗೇ ಬಿಟ್ಟುಕೊಟ್ರು. ಇವತ್ತು ಕೂಸಿನ ಬಾಯಿಗೆ ಡಾಕ್ಟ್ರು ಬರೆಯೋ ಹನಿ ಎಷ್ಟೋ ಸಲ ಹಿಂಗೆ ದನದ ಹೊಲದ ಮಣ್ಣಿಂದ ಬಂದಿದ್ದು.

ಸರಿ, ಮಣ್ಣಲ್ಲಿ ಸಿಕ್ತು. ಸೊಪ್ಪಲ್ಲಿ? ಇಲ್ಲೇ ನನಗೆ ಆಶ್ಚರ್ಯ ಆಗಿದ್ದು.

ಬಂದ್ರೆ ಗಿಡ ನಮ್ಮ ಗುಡ್ಡ ತುಂಬಾ ಐತೆ. ಅಂಟಂಟು ಹೊಳೆಯೋ ಎಲೆ, ರೆಕ್ಕೆ ಇರೋ ಒಣ ಕಾಯಿ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ, ಆದ್ರೆ ಬಂದ್ರೆಯನ್ನ ನಮ್ಮ ಆಡು ಮೂಸಿ ಮುಂದಕ್ಕೆ ಹೋಗ್ತವೆ. ಬೇಲಿ ಗೂಟ, ಸೌದೆ, ಉಳುಕಿಗೆ ಕಟ್ಟು, ಇಷ್ಟೇ ಅದರ ಬೆಲೆ ನಮಗೆ. ಇದೇ ಜಾತಿಯ ಗಿಡ ದಕ್ಷಿಣ ಆಫ್ರಿಕಾದಲ್ಲೂ ಐತೆ. ಅಲ್ಲಿ ಎಚ್‌ಐವಿ ಇದ್ದೋರ ಬಾಯಲ್ಲಿ ಕ್ಯಾಂಡಿಡಾ ವಿಪರೀತ ಕಾಟ ಕೊಡ್ತಿತ್ತು. ಪಟೇಲ್ ಮತ್ತು ಕೂಗನ್ ಅನ್ನೋ ಸಂಶೋಧಕರು ಅಂಥ ರೋಗಿಗಳ ಬಾಯಿಂದಲೇ ಯೀಸ್ಟ್ ತೆಗೆದು, ಬಂದ್ರೆ ಸಾರ ಹಾಕಿ ನೋಡಿದ್ರು. ಅದು ಬೆಳವಣಿಗೆ ತಡೀತು. 2008ರಲ್ಲಿ ಇದು ಪ್ರಕಟ ಆಗೈತೆ. ನಮ್ಮ ಕಾಲಡಿ ಇರೋ ಗಿಡದ ಸುದ್ದಿ ಆಫ್ರಿಕಾದಿಂದ ಬರಬೇಕಾಯ್ತು.

ಚಿಬ್ಬಿಗೇ ನೇರವಾಗಿ ಒಂದು ಸುದ್ದಿ ಐತೆ. ಸೀಮೆ ಅಗಸೆ ಅಂತ ಹಳದಿ ಮೇಣದಬತ್ತಿ ಥರ ಹೂ ಬಿಡೋ ಗಿಡ. ನಮ್ಮ ತಗಚೆಯ ಸೋದರ. ಎರಡರ ಎಲೇಲೂ ಕ್ರೈಸೋಫನಾಲ್ ಅನ್ನೋ ವಸ್ತು ಐತೆ. ದಾಮೋದರನ್ ಮತ್ತು ವೆಂಕಟರಾಮನ್ ಅನ್ನೋರು ಹತ್ತು ವರ್ಷದಲ್ಲಿ 200 ಜನಕ್ಕೆ ಅದರ ಎಲೆ ಸಾರ ಹಚ್ಚಿ ನೋಡಿ, ಚಿಬ್ಬಿಗೆ ಇದನ್ನ ನಂಬಿ ಬಳಸಬಹುದು ಅಂತ 1994ರಲ್ಲಿ ಬರೆದ್ರು. ತಗಚೆಗೆ ಸಂಸ್ಕೃತದಲ್ಲಿ ದದ್ರುಘ್ನ ಅಂತ ಹೆಸರು, ಅಂದ್ರೆ ಗಜಕರ್ಣ ಕೊಲ್ಲೋದು. ಹೆಸರಲ್ಲೇ ಮದ್ದು ಬಚ್ಚಿಟ್ಟಿದ್ರು.

ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲೂ ಈ ಕೆಲಸ ನಡೆದೈತೆ. 2007ರಲ್ಲಿ ಪ್ರಕಟ ಆದ ಒಂದು ಅಧ್ಯಯನದಲ್ಲಿ 52 ಗಿಡಗಳ ಎಲೆಯನ್ನ ಬರೀ ನೀರಲ್ಲಿ ಅರೆದು, ಜೋಳ, ಮೆಕ್ಕೆಜೋಳ, ಭತ್ತದ ಬೀಜದಿಂದ ತೆಗೆದ ಎಂಟು ಥರದ ಆಸ್ಪರ್ಜಿಲಸ್ ಬೂಷ್ಟಿನ ಮೇಲೆ ಹಾಕಿದ್ರು. ಕೆಲಸ ಮಾಡಿದ್ದು ಯಾವ್ಯಾವು ಅಂದ್ರೆ ಕರಿಜಾಲಿ, ಬಳ್ಳಾರಿ ಜಾಲಿ, ದಾಳಿಂಬೆ, ನೇರಳೆ, ನೆಲ್ಲಿ, ಗೋರಂಟಿ, ಸಪೋಟ, ಉಮ್ಮತ್ತಿ, ಇನ್ನೂ ಒಂದಿಷ್ಟು. ನಾವು ಬೈಕೊಂಡು ಕಡಿಯೋ ಬಳ್ಳಾರಿ ಜಾಲಿನೂ ಪಟ್ಟೀಲೈತೆ! ಇದು ಯೀಸ್ಟಲ್ಲ, ನೂಲು ಬೂಷ್ಟು, ಆದರೂ ನಮಗೆ ಬೇಕಾದ ಸುದ್ದಿ. ಶೇಂಗಾಕ್ಕೆ ಬರೋ ಅಫ್ಲಾಟಾಕ್ಸಿನ್ ವಿಷ ಇದೇ ಆಸ್ಪರ್ಜಿಲಸ್ ಜಾತಿಯದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತ ಮೇಲೇ ಆ ವಿಷ ಪತ್ತೆ ಆಗಿದ್ದು. ಚಳ್ಳಕೆರೆಯ ನಾವು ಮಳೇಲಿ ನೆಂದ ಕಾಯಿ ಒಣಗಿಸದೇ ಚೀಲ ತುಂಬುವಾಗ ಇದು ನೆನಪಿರಲಿ.

ಇಷ್ಟು ಓದಿ ಯಾರಾದ್ರೂ "ನೋಡಿದ್ರಾ, ಅಜ್ಜಿ ಮದ್ದೇ ಮದ್ದು, ಇಂಗ್ಲಿಷ್ ಔಷಧಿ ಬೇಡ" ಅಂತ ಹಂಚಿದ್ರೆ ನಾನು ಒಪ್ಪಲ್ಲ. ಅದಕ್ಕೆ ಕಾರಣ ಐತೆ. ಪ್ರಯೋಗಶಾಲೇಲಿ ಒಂದು ತಟ್ಟೇಲಿ ಯೀಸ್ಟ್ ಬೆಳೆಸ್ತಾರೆ, ಮೇಲೆ ಎಲೆ ಸಾರ ಇಡ್ತಾರೆ, ಸುತ್ತ ಎಷ್ಟು ಅಗಲ ಬೆಳೆಯದೇ ಉಳೀತು ಅಂತ ಅಳೀತಾರೆ. ಬಹಳಷ್ಟು ಸಲ ಸಾರ ತೆಗೆಯೋದು ಆಲ್ಕೋಹಾಲು, ಅಸಿಟೋನಿನಲ್ಲಿ, ನಾವು ತೆಗೆಯೋ ಹಂಗೆ ಬಾವಿ ನೀರಲ್ಲಲ್ಲ. ತಟ್ಟೇಲಿ ಸಾಯೋದು ಬೆನ್ನ ಮೇಲೆ ಸಾಯಬೇಕು ಅಂತ ಇಲ್ಲ. ಬೆನ್ನಿಗೆ ಒಗ್ಗಿದ್ದು ಕೂಸಿನ ಬಾಯಿಗೆ ಒಗ್ಗಲ್ಲ. ಅದೇ ಪಟ್ಟೀಲಿ ಉಮ್ಮತ್ತಿ ಐತೆ ಅಂದೆನಲ್ಲ, ಅದರ ವಿಷ ಎಂಥದ್ದು ಅಂತ ನಮಗೆಲ್ಲ ಗೊತ್ತು. ಬೂಷ್ಟು ಕೊಲ್ಲೋದು ಮನುಷ್ಯನ್ನ ಬಿಡುತ್ತೆ ಅನ್ನೋ ಭರವಸೆ ಎಲ್ಲಿದೆ? ಔಷಧಿ ಅನ್ನಿಸ್ಕೊಳ್ಳೋದು ಆ ಎರಡನೇ ಪ್ರಶ್ನೆ ಪಾಸಾದ ಮೇಲೆ. ಹೇಜನ್, ಬ್ರೌನ್ ಇಬ್ಬರೂ ಎಷ್ಟೋ ಸಾರ ಎಸೆದಿದ್ದು ಈ ಪ್ರಶ್ನೇಲೇ.

ಇನ್ನು ಬೇವಿನ ಕತೆ. ಇದು ನಮ್ಮ ಹೋರಾಟದ ಚರಿತ್ರೆ. ಬೇವಿನೆಣ್ಣೆಯಿಂದ ಬೆಳೆಯ ಬೂಷ್ಟು ತಡೆಯೋ ವಿಧಾನ ನಮ್ಮದು ಅಂತ ಅಮೆರಿಕದ ಕೃಷಿ ಇಲಾಖೆ ಮತ್ತು ಗ್ರೇಸ್ ಕಂಪನಿ ಸೇರಿ ಅರ್ಜಿ ಹಾಕಿದ್ವು. ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಕೊಟ್ಟೂ ಬಿಡ್ತು. ಬೇವಿನ ಪೇಟೆಂಟುಗಳ ವಿರುದ್ಧ ನಮ್ಮ ಕರ್ನಾಟಕದ ರೈತ ಸಂಘ, ಪ್ರೊ. ನಂಜುಂಡಸ್ವಾಮಿಯವರ ಕಾಲದಲ್ಲಿ, 1993ರಲ್ಲೇ ದನಿ ಎತ್ತಿತ್ತು. 1995ರಲ್ಲಿ ವಂದನಾ ಶಿವ ಮತ್ತು ಯುರೋಪಿನ ಇಬ್ಬರು ಹೆಣ್ಮಕ್ಕಳು ಸೇರಿ ಆಕ್ಷೇಪಣೆ ಹಾಕಿದ್ರು. ವಿಚಾರಣೇಲಿ ಭಾರತದ ಉದ್ಯಮಿಯೊಬ್ಬರು ಹೋಗಿ, ಆ ಪೇಟೆಂಟಿಗಿಂತ ಮುಂಚೆಯೇ ತಾವು ಇಂಥದೇ ಬೇವಿನ ಸಾರ ತೆಗೆದು ಹೊಲದಲ್ಲಿ ಪರೀಕ್ಷೆ ಮಾಡಿದ್ದಕ್ಕೆ ಸಾಕ್ಷಿ ಕೊಟ್ರು. 2000ದಲ್ಲಿ ಪೇಟೆಂಟ್ ರದ್ದಾಯ್ತು. ಮೇಲ್ಮನವಿಯೂ 2005ರಲ್ಲಿ ಬಿತ್ತು.

ನಮ್ಮ ಊರಲ್ಲಿ ಬೇವು ಹಚ್ಚದ ಮನೆ ಇಲ್ಲ. ಆದರೂ ಹತ್ತು ವರ್ಷ ಹೋರಾಡಬೇಕಾಯ್ತು. ಯಾಕೆ? ಕೋಟಿ ಜನಕ್ಕೆ ಗೊತ್ತಿರೋದು ಸಾಕ್ಷಿ ಅಲ್ಲ, ಇಂಥ ದಿನ, ಇಂಥ ಕಡೆ, ಹಿಂಗೆ ಮಾಡಿದೆ ಅಂತ ತೋರಿಸೋದು ಸಾಕ್ಷಿ. ಆಮೇಲೆ ಸರ್ಕಾರ 2001ರಿಂದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಮಾಡಿತು. ಆದರೆ ಅದರಲ್ಲಿರೋದು ಮುಖ್ಯವಾಗಿ ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳಲ್ಲಿ ಬರೆದಿರೋದು. ಮ್ಯಾಸಬೇಡರ ಅಜ್ಜ, ಕಾಡುಗೊಲ್ಲರ ಅಜ್ಜಿ ಬಾಯಲ್ಲಿದ್ದಿದ್ದು ಅಲ್ಲಿಗೆ ತಾನಾಗೇ ಹೋಗಲ್ಲ.

ಅದಕ್ಕೆ ದಾರಿ ಐತೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತೀಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಅಂತ ಪುಸ್ತಕ ಇರಬೇಕು. ನಮ್ಮೂರ ಗಿಡ, ಬೀಜ, ದನದ ತಳಿ, ಮದ್ದಿನ ತಿಳುವಳಿಕೆ ಬರೆದಿಡೋದು ಅದರಲ್ಲೇ. ನೀವು ನಿಮ್ಮ ಪಂಚಾಯಿತೀಲಿ ಆ ಪುಸ್ತಕ ಕೇಳಿ ನೋಡಿದ್ದೀರಾ? ನಾನೂ ಇಲ್ಲೀವರೆಗೆ ಕೇಳಿರಲಿಲ್ಲ. ಈ ತಿಂಗಳು ಹೋಗ್ತಿದ್ದೀನಿ.

ಇನ್ನೊಂದು ವಿಷಯ ಹೇಳದೇ ಮುಗಿಸಲಾರೆ, ಇದು ನಮ್ಮ ಕೈಯಲ್ಲೇ ಇರೋದು. ಶೇಂಗಾಕ್ಕೆ ಎಲೆಚುಕ್ಕೆ, ತುಕ್ಕು ಬಂತು ಅಂದ್ರೆ ನಾವು ಹೊಡೆಯೋದು ಹೆಕ್ಸಕೊನಜೋಲ್, ಟೆಬುಕೊನಜೋಲ್, ಪ್ರೊಪಿಕೊನಜೋಲ್. ಚಿಬ್ಬಿಗೆ ಡಾಕ್ಟ್ರು ಬರೆಯೋದು ಕ್ಲೋಟ್ರಿಮಜೋಲ್, ಫ್ಲುಕೊನಜೋಲ್. ಬಾಲದ ಹೆಸರು ನೋಡ್ರಿ, ಒಂದೇ ವಂಶ. ಎಲ್ಲವೂ ಬೂಷ್ಟಿನ ಜೀವಕೋಶದ ಪೊರೆಗೆ ಬೇಕಾದ ಒಂದು ಜಿಡ್ಡು ತಯಾರಾಗದ ಹಂಗೆ ತಡೀತವೆ. ಹೊಲದಲ್ಲಿ ಬೂಷ್ಟು ಇದಕ್ಕೆ ಒಗ್ಗಿಕೊಂಡರೆ ಆಸ್ಪತ್ರೇಲೂ ಅದಕ್ಕೆ ಮದ್ದು ನಾಟಲ್ಲ. ಹಾಲೆಂಡಿನಲ್ಲಿ ಈ ಔಷಧಿ ಒಮ್ಮೆಯೂ ತಗೊಳ್ಳದ ರೋಗಿಗಳಲ್ಲೂ ಮದ್ದಿಗೆ ಬಗ್ಗದ ಆಸ್ಪರ್ಜಿಲಸ್ ಸಿಕ್ತು. ಅದು ಹೊಲ ತೋಟದಿಂದ ಬಂದಿರಬೇಕು ಅಂತ ವಿಜ್ಞಾನಿಗಳು ಬೊಟ್ಟು ಮಾಡಿದ್ರು. 2012ರಲ್ಲಿ ದೆಹಲಿಯ ಸಂಶೋಧಕರು ನಮ್ಮ ದೇಶದ ಮಣ್ಣಲ್ಲೂ ಅಂಥದ್ದೇ ಸಿಕ್ಕಿದ್ದನ್ನ ಬರೆದ್ರು. ಹೊಡೀಬೇಡಿ ಅಂತ ಹೇಳ್ತಿಲ್ಲ, ನಾನೂ ಹೊಡೀತೀನಿ. ರೋಗ ನೋಡಿ ಹೊಡೀರಿ, ಅಳತೆಗೆ ಹೊಡೀರಿ, ಒಂದೇ ವಂಶದ್ದನ್ನ ಪದೇ ಪದೇ ಹೊಡೀಬೇಡಿ.

ಕೊನೆಗೆ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಮೊದಲು ಆ ಟ್ಯೂಬಿನ ಮೇಲೆ ಏನು ಬರೆದೈತೆ ಓದು. ಸ್ಟೀರಾಯ್ಡ್ ಬೆರೆಸಿದ ಮುಲಾಮು ಆದ್ರೆ ಎರಡು ದಿನ ಕಡಿತ ನಿಲ್ಲುತ್ತೆ, ಒಳಗೆ ಬೂಷ್ಟು ಬೆಳೀತಾನೇ ಇರುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನ ಡಾಕ್ಟ್ರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದ್ದು ಅದಕ್ಕೇ. ಚರ್ಮದ ಡಾಕ್ಟ್ರಿಗೆ ತೋರ್ಸು, ಹೇಳಿದಷ್ಟು ದಿನ ಪೂರ್ತಿ ಹಚ್ಚು, ಬೆವರಿದ ಅಂಗಿ ಬದಲಾಯಿಸು. ಮಚ್ಚೆಯ ಬಿಳಿ ಹೋಗೋಕೆ ತಿಂಗಳುಗಳು ಬೇಕು, ಅಷ್ಟಕ್ಕೇ ಮದ್ದು ಸೋತಿತು ಅನ್ಕೋಬೇಡ. ತಗಚೆ ಹಚ್ತೀನಿ ಅಂದ್ರೆ ಮೊದಲು ಮೊಳಕೈ ಮೇಲೆ ಒಂದು ಚೂರು ಹಚ್ಚಿ ಒಂದು ದಿನ ನೋಡು, ಉರಿದ್ರೆ ಬಿಡು. ಕೂಸಿನ ಬಾಯಿಗೆ, ಹೆಂಗಸರ ಒಳಭಾಗಕ್ಕೆ, ಕಣ್ಣಿಗೆ ಯಾವ ಸೊಪ್ಪಿನ ರಸವನ್ನೂ ಹಾಕಬೇಡಿ.

ಎಮ್ಮೆ ಹಸು ಸಾಕಿದೋರಿಗೂ ಒಂದು ಮಾತು. ಕೆಚ್ಚಲುಬಾವಿಗೆ ಟ್ಯೂಬಿನ ಮೇಲೆ ಟ್ಯೂಬು ಏರಿಸಿದ್ರೂ ಇಳೀತಿಲ್ಲ ಅಂದ್ರೆ ಅದು ಯೀಸ್ಟಿನ ಬಾವು ಇರಬಹುದು. ಅದಕ್ಕೆ ಆಂಟಿಬಯಾಟಿಕ್ ನಾಟಲ್ಲ, ಇನ್ನೂ ಹೆಚ್ಚಾಗುತ್ತೆ. ಸ್ವಚ್ಛ ಮಾಡದ ಮೊಲೆತೊಟ್ಟಿಗೆ ಟ್ಯೂಬು ಏರಿಸೋದರಿಂದಲೇ ಎಷ್ಟೋ ಸಲ ಯೀಸ್ಟ್ ಒಳಗೆ ಹೋಗೋದು. ಹಾಲಿನ ಪರೀಕ್ಷೆ ಮಾಡಿಸ್ರಿ. ಸೊಪ್ಪಿನ ರಸ ತೊಟ್ಟಿನೊಳಗೆ ಬಿಡೋ ಸಾಹಸ ಬೇಡ.

ಮೊನ್ನೆ ಸೋಮವಾರ ಬೆಟ್ಟ ಹತ್ತಿದೆ. ಶಾಸನದ ಬಂಡೆ ಹತ್ರ ಒಂದು ಗಳಿಗೆ ಕೂತೆ. ಅಕ್ಕಪಕ್ಕ ಬಂದ್ರೆ ಗಿಡ, ಕೆಳಗೆ ನಮ್ಮ ಹೊಲ. ಬಂಡೆ ಮೇಲಿನ ಅಕ್ಷರ ಸವೆದರೂ ಬ್ರಹ್ಮಗಿರೀಲಿ ಇನ್ನೊಂದು ಪ್ರತಿ ಇತ್ತು. ನಮ್ಮಜ್ಜಿ ತಿಳುವಳಿಕೆಗೆ ಇನ್ನೊಂದು ಪ್ರತಿ ಇರಲಿಲ್ಲ.

ನಿಮ್ಮ ಮನೇಲಿ ಎಪ್ಪತ್ತು ದಾಟಿದೋರು ಯಾರಾದ್ರೂ ಇದ್ರೆ ಇವತ್ತೇ ರಾತ್ರಿ ಊಟ ಆದ ಮೇಲೆ ಕೇಳ್ರಿ. ಯಾವ ಸೊಪ್ಪು, ಯಾವ ಕಾಲದಲ್ಲಿ ಕೀಳಬೇಕು, ಎಷ್ಟು, ಯಾತರ ಜೊತೆ ಅರೀಬೇಕು, ಯಾರಿಗೆ ಹಚ್ಚಿದ್ರು, ವಾಸಿ ಆಯ್ತಾ ಇಲ್ವಾ. ವಾಸಿ ಆಗದೇ ಇದ್ದಿದ್ದನ್ನೂ ಬರೀರಿ, ಅದೂ ಅಷ್ಟೇ ಮುಖ್ಯ. ತಾರೀಖು ಹಾಕ್ರಿ. ನನಗೂ ಒಂದು ಪ್ರತಿ ಕಳಿಸ್ರಿ, ಎಲ್ಲಾ ಸೇರಿಸಿ ಪಂಚಾಯಿತಿ ಪುಸ್ತಕಕ್ಕೆ ಏರಿಸೋಣ. ಮುಂದಿನ ವಾರ ಕಾಯಿ ಒಣಗಿಸೋ ವಿಚಾರ ಬರೀತೀನಿ. ಅಲ್ಲೀತನಕ ಮಳೆ ಬೆಳೆ ಚೆನ್ನಾಗಿರಲಿ.